ಅಭಿಮಾನಿ, ಬೆಂಬಲಿಗ, ಹಿತೈಷಿ: ಇಂಗ್ಲಿಷಿನಲ್ಲಿ ಯಾರನ್ನು ಏನೆನ್ನಬೇಕು?

ಕನ್ನಡದ ‘ಅಭಿಮಾನಿ’ ಬಹಳ ಧಾರಾಳದ ಪದ. ನಟನ ಕಟೌಟಿಗೆ ಹಾಲೆರೆಯುವ ಹುಡುಗ ಅಭಿಮಾನಿ, ಒಬ್ಬ ಸಾಹಿತಿಯ ಪುಸ್ತಕ ಒಂದೂ ಬಿಡದೆ ಓದುವ ನಿವೃತ್ತ ಮೇಷ್ಟ್ರು ಅಭಿಮಾನಿ, ಚುನಾವಣೆ ಬಂದರೆ ತೆರೆದ ಜೀಪಿನ ಹಿಂದೆ ಓಡುವವರೂ ಅಭಿಮಾನಿಗಳೇ. ಭಾಷೆಯ ಮೇಲೆ ಪ್ರೀತಿಯಿದ್ದರೆ ಕನ್ನಡಾಭಿಮಾನಿ. ಇಂಗ್ಲಿಷಿಗೆ ಹೋದ ಕೂಡಲೇ ಇವರೆಲ್ಲರಿಗೂ ಬೇರೆ ಬೇರೆ ಹೆಸರು ಬೇಕಾಗುತ್ತದೆ. ನಮ್ಮವರು ಒಂದೋ ಎಲ್ಲರನ್ನೂ ‘ಫ್ಯಾನ್’ ಎಂದು ಮುಗಿಸುತ್ತಾರೆ, ಇಲ್ಲವೇ ನಿಘಂಟಿನಲ್ಲಿ ಕಂಡ ಉದ್ದನೆಯ ಪದವೊಂದನ್ನು ಎತ್ತಿ ಹಾಕುತ್ತಾರೆ. ಸಂಘಗಳ ಪತ್ರಿಕಾ ಹೇಳಿಕೆ, ಸನ್ಮಾನ ಪತ್ರ, ವಿದೇಶದ ಪ್ರಾಧ್ಯಾಪಕರಿಗೆ ಬರೆಯುವ ಇಮೇಲ್ ಇಂಥವನ್ನು ತಿದ್ದಿಕೊಡುವ ನನಗೆ ವಾರಕ್ಕೊಮ್ಮೆಯಾದರೂ ಈ ತೊಡಕು ಎದುರಾಗುತ್ತದೆ. ಅದನ್ನು ಬಿಡಿಸುವ ದಾರಿ ಹೀಗಿದೆ.

ಮೊದಲ ಹೆಜ್ಜೆ: ಆ ವ್ಯಕ್ತಿ ಮಾಡುವುದೇನು?

ಅಭಿಮಾನ ಎಷ್ಟು ಗಾಢ ಎಂದು ಅಳೆಯುತ್ತ ಕೂತರೆ ಪದ ಸಿಗುವುದಿಲ್ಲ. ಆ ಅಭಿಮಾನದಿಂದ ಅವರು ಏನು ಮಾಡುತ್ತಾರೆ ಅನ್ನುವುದನ್ನು ಗಮನಿಸಿ. ನೋಡಿ, ಕೇಳಿ, ಓದಿ ಖುಷಿಪಡುತ್ತಾರೆಯೇ? ‘ಫ್ಯಾನ್’. ಗೌರವದಿಂದ, ಒಂದಿಷ್ಟು ದೂರ ನಿಂತು ಮೆಚ್ಚುತ್ತಾರೆಯೇ? ‘ಅಡ್ಮೈರರ್’. ಗೆದ್ದರೂ ಸೋತರೂ ಜೊತೆಗೆ ನಿಲ್ಲುತ್ತಾರೆಯೇ? ‘ಸಪೋರ್ಟರ್’. ಹೇಳಿದ ದಾರಿಯಲ್ಲಿ ನಡೆಯುತ್ತಾರೆಯೇ? ‘ಫಾಲೋವರ್’. ಪರವಾಗಿ ಬಾಯಿಬಿಟ್ಟು ವಾದಿಸುತ್ತಾರೆಯೇ? ‘ಅಡ್ವೊಕೇಟ್’. ದುಡ್ಡು, ಆಶ್ರಯ, ಹೆಸರಿನ ಬಲ ಕೊಡುತ್ತಾರೆಯೇ? ‘ಪೇಟ್ರನ್’.

ಒಬ್ಬನೇ ಮನುಷ್ಯ ಇವುಗಳಲ್ಲಿ ಎರಡು ಮೂರು ಆಗಿರಬಹುದು. 1980ರ ದಶಕದ ಆರಂಭದ ಗೋಕಾಕ್ ಚಳವಳಿಯನ್ನು ನೆನಪಿಸಿಕೊಳ್ಳಿ. ಡಾ. ರಾಜ್‌ಕುಮಾರ್ ಚಳವಳಿಗೆ ಧುಮುಕಿದ ಮೇಲೆ ಊರೂರುಗಳಲ್ಲಿ ಜನ ಸಾಗರದಂತೆ ಸೇರಿದರು. ಅವರಲ್ಲಿ ಎಷ್ಟೋ ಜನ ಬಂದದ್ದು ಅಣ್ಣಾವ್ರನ್ನು ಕಾಣಲು. ಅವರು ರಾಜ್‌ಕುಮಾರ್ ‘ಫ್ಯಾನ್’ಗಳು. ಬಂದ ಮೇಲೆ ಘೋಷಣೆ ಕೂಗಿ, ಮೆರವಣಿಗೆಯಲ್ಲಿ ನಡೆದಾಗ ಅದೇ ಜನ ಚಳವಳಿಯ ‘ಸಪೋರ್ಟರ್’ಗಳು. ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಬೇಕು ಎಂದು ಲೇಖನ ಬರೆದು, ವೇದಿಕೆ ಹತ್ತಿ ವಾದಿಸಿದ ಸಾಹಿತಿಗಳು ‘ಅಡ್ವೊಕೇಟ್’ಗಳು. ಈ ಇತಿಹಾಸವನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಮೂರು ಕಡೆಯೂ ‘ಫ್ಯಾನ್ಸ್’ ಎಂದರೆ ಚಳವಳಿ ಒಂದು ಸಿನಿಮಾ ಬಿಡುಗಡೆಯ ಹಾಗೆ ಕಾಣುತ್ತದೆ.

ಫ್ಯಾನ್ ಮತ್ತು ಸಪೋರ್ಟರ್ ನಡುವಿನ ಗೆರೆ ಎಲ್ಲಿದೆ ಎಂದು ತಿಳಿಯಲು ಇಂಗ್ಲೆಂಡಿನ ಫುಟ್‌ಬಾಲ್‌ಗಿಂತ ಒಳ್ಳೆಯ ಪಾಠವಿಲ್ಲ. ವಿಂಬಲ್ಡನ್ ಎಂದರೆ ನಮಗೆ ಟೆನ್ನಿಸ್. ಆದರೆ ಆ ಊರಿನ ಫುಟ್‌ಬಾಲ್ ಕ್ಲಬ್ 1988ರಲ್ಲಿ ಬಲಿಷ್ಠ ಲಿವರ್‌ಪೂಲನ್ನು 1-0ಯಿಂದ ಸೋಲಿಸಿ ಎಫ್‌ಎ ಕಪ್ ಗೆದ್ದಿತ್ತು. ಕೆಲವು ವರ್ಷಗಳ ನಂತರ ಮಾಲೀಕರು ಕ್ಲಬ್ಬನ್ನು ಸುಮಾರು 90 ಕಿಲೋಮೀಟರ್ ದೂರದ ಮಿಲ್ಟನ್ ಕೀನ್ಸ್‌ಗೆ ಒಯ್ಯಲು ಹೊರಟರು. 2002ರ ಮೇ ತಿಂಗಳಲ್ಲಿ ಅದಕ್ಕೆ ಒಪ್ಪಿಗೆಯೂ ಸಿಕ್ಕಿತು. ಊರಿನ ಜನ ಟಿಕೆಟ್ ಹರಿದುಹಾಕಿ ಮನೆಗೆ ಹೋಗಲಿಲ್ಲ. ಎಎಫ್‌ಸಿ ವಿಂಬಲ್ಡನ್ ಎಂಬ ಹೊಸ ಕ್ಲಬ್ಬನ್ನೇ ಕಟ್ಟಿದರು. ಆಟಗಾರರ ಆಯ್ಕೆ ಊರಿನ ಬಯಲಿನಲ್ಲಿ, ಬಂದವರೆಲ್ಲರಿಗೂ ಅವಕಾಶ ಕೊಟ್ಟು ನಡೆಯಿತು. ಒಂಬತ್ತನೇ ದರ್ಜೆಯ ಲೀಗಿನಿಂದ ಶುರುವಾದ ಆ ತಂಡ 2011ರಲ್ಲಿ ಮೇಲಿನ ವೃತ್ತಿಪರ ದರ್ಜೆಗಳ ‘ಫುಟ್‌ಬಾಲ್ ಲೀಗ್’ ಸೇರಿತು, 2020ರಲ್ಲಿ ಹಳೆಯ ಕ್ಲಬ್ಬಿನ ಮೈದಾನವಿದ್ದ ಪ್ಲೋ ಲೇನ್ ಪ್ರದೇಶಕ್ಕೇ ಮರಳಿತು. ಕ್ಲಬ್ಬಿನ ಒಡೆತನ ಸಪೋರ್ಟರ್‌ಗಳ ಟ್ರಸ್ಟಿನದು. ಈ ಜನರನ್ನು ‘ಫ್ಯಾನ್ಸ್’ ಎಂದರೆ ತಪ್ಪಲ್ಲ, ಬ್ರಿಟಿಷ್ ಪತ್ರಿಕೆಗಳೂ ಹಾಗೆ ಬರೆಯುತ್ತವೆ. ಆದರೆ ಹೊರೆ ಹೊತ್ತದ್ದು ಹೇಳಬೇಕಾದ ಕಡೆ ‘ಸಪೋರ್ಟರ್ಸ್’ ಎಂಬುದೇ ಬರುತ್ತದೆ. ಅದರ ಲ್ಯಾಟಿನ್ ಮೂಲದ ಅರ್ಥವೂ ಕೆಳಗಿನಿಂದ ಹೊತ್ತುಕೊಳ್ಳುವುದು ಎಂದೇ.

ನಮ್ಮಲ್ಲಿ ‘ಆರ್‌ಸಿಬಿ ಫ್ಯಾನ್ಸ್’ ಎಂಬುದು ಬೇರೂರಿದೆ. ಅದನ್ನು ತಿದ್ದುವ ಅಗತ್ಯವಿಲ್ಲ. ಆದರೆ 2008ರಿಂದಲೂ ಜೊತೆಗಿದ್ದು, ‘ಈ ಸಲ ಕಪ್ ನಮ್ದೇ’ ಎನ್ನುತ್ತ, ಪುರುಷರ ತಂಡ 2025ರಲ್ಲಿ ಮೊದಲ ಐಪಿಎಲ್ ಗೆಲ್ಲುವವರೆಗೂ ಬಿಡದೆ ನಿಂತವರ ಬಗ್ಗೆ ಬರೆಯುತ್ತಿದ್ದರೆ ‘ಲಾಯಲ್ ಸಪೋರ್ಟರ್ಸ್’ ಅನ್ನಿ. ಆ ಮರ್ಯಾದೆ ಅವರಿಗೆ ಸಲ್ಲಬೇಕು.

ಎರಡನೇ ಹೆಜ್ಜೆ: ಅಭಿಮಾನ ಯಾವುದರ ಮೇಲೆ?

ವ್ಯಕ್ತಿಯೋ, ತಂಡವೋ, ಕಲೆಯೋ, ಸಿದ್ಧಾಂತವೋ ಎಂಬುದರ ಮೇಲೆ ಪದ ಬದಲಾಗುತ್ತದೆ. ಸಿದ್ಧಾಂತಕ್ಕೆ ‘ಫ್ಯಾನ್’ ಬಳಸಿದರೆ ಹಗುರವಾಗುತ್ತದೆ. ಪಾನನಿಷೇಧವನ್ನು ಬೆಂಬಲಿಸುವವರು ‘ಅಡ್ವೊಕೇಟ್ಸ್’ ಅಥವಾ ‘ಸಪೋರ್ಟರ್ಸ್’, ಫ್ಯಾನ್ಸ್ ಅಲ್ಲ. ಒಂದು ಎಚ್ಚರಿಕೆ: ನಮ್ಮ ಊರುಗಳಲ್ಲಿ ‘ಅಡ್ವೊಕೇಟ್’ ಎಂಬ ಬೋರ್ಡು ವಕೀಲರ ಮನೆ ಮುಂದೆಯೇ ಇರುವುದರಿಂದ, ಸ್ಥಳೀಯ ಓದುಗರಿಗೆ ಬರೆಯುವಾಗ ‘ಅಡ್ವೊಕೇಟ್ ಆಫ್’ ಎಂದು ಮುಂದಿನ ಪದವನ್ನು ಜೋಡಿಸಿಯೇ ಬರೆಯಿರಿ. ಇಲ್ಲವಾದರೆ ಪಾಪ, ಹೋರಾಟಗಾರರು ಕಪ್ಪು ಕೋಟು ತೊಟ್ಟುಬಿಡುತ್ತಾರೆ.

ಹವ್ಯಾಸಕ್ಕೆ ‘ಎಂಥುಸಿಯಾಸ್ಟ್’ ಚೆನ್ನಾಗಿ ಒಗ್ಗುತ್ತದೆ: ಹಳೆಯ ಕಾರು, ಪಕ್ಷಿವೀಕ್ಷಣೆ, ಚಾರಣ. ಮಾಹಿತಿ ಕೂಡಿಟ್ಟುಕೊಂಡ ಆಸಕ್ತರಿಗೆ ‘ಬಫ್’ ಎಂಬ ಸಲುಗೆಯ ಪದವಿದೆ: ಫಿಲ್ಮ್ ಬಫ್, ಹಿಸ್ಟರಿ ಬಫ್. ಅದು ಹುಟ್ಟಿದ್ದು ನ್ಯೂಯಾರ್ಕಿನಲ್ಲಿ. ಅಲ್ಲಿನ ಸ್ವಯಂಸೇವಕ ಅಗ್ನಿಶಾಮಕರು ಬಫ್ ಬಣ್ಣದ, ಅಂದರೆ ಮಾಸಲು ಹಳದಿಯ ಸಮವಸ್ತ್ರ ತೊಡುತ್ತಿದ್ದರಂತೆ. ಎಲ್ಲಿ ಬೆಂಕಿ ಬಿದ್ದರೂ ನೋಡಲು ಓಡುವ ಕುತೂಹಲಿಗಳಿಗೆ ಆ ಬಣ್ಣದ ಹೆಸರೇ ಅಂಟಿತು. ಒಂದು ವಿಷಯದ ಹುಚ್ಚು ಹಿಡಿದು ಅದನ್ನು ಚೆನ್ನಾಗಿ ಬಲ್ಲವರಿಗೆ ಹೇಳುವ ‘ಅಫಿಷಿಯನಾಡೋ’ ಸ್ಪ್ಯಾನಿಷಿನದು, ಇಂಗ್ಲಿಷಿಗೆ ಬಂದದ್ದು ಗೂಳಿಕಾಳಗದ ಕಣದಿಂದ. ಧಾರವಾಡದ ಕಛೇರಿಯಲ್ಲಿ ಕಣ್ಣುಮುಚ್ಚಿ ಕೂತು, ಗಾಯಕರು ಸ್ವರ ಬಿಡುವ ಮೊದಲೇ ರಾಗ ಹೇಳುವ ಹಿರಿಯರಿದ್ದಾರಲ್ಲ, ಅವರಿಗೆ ‘ಕಾನಸರ್’ (connoisseur) ಎಂಬುದು ತಕ್ಕ ಮಾತು. ಬರೆಯುವಾಗ ಅದರ ಕಾಗುಣಿತವನ್ನು ಎರಡು ಸಲ ನೋಡಿ, ಇಂಗ್ಲಿಷರೇ ತಪ್ಪುತ್ತಾರೆ. ಸಂಗೀತದ ವಿಷಯಕ್ಕೆ ಭಾರತೀಯ ಓದುಗರೇ ಇದ್ದರೆ ‘ರಸಿಕ’ವನ್ನು ಹಾಗೆಯೇ ಬಿಡಿ. ಚೆನ್ನೈನ ಇಂಗ್ಲಿಷ್ ಪತ್ರಿಕೆಗಳು ಕಛೇರಿ ವಿಮರ್ಶೆಯಲ್ಲಿ ಅದನ್ನೇ ಬಳಸುತ್ತವೆ.

‘ಕನ್ನಡಾಭಿಮಾನಿ’ಯನ್ನು ‘ಕನ್ನಡ ಫ್ಯಾನ್’ ಎಂದು ಬರೆದ ಕರಪತ್ರ ನೋಡಿದ್ದೇನೆ. ಅದು ಚಾವಣಿಗೆ ತೂಗುಹಾಕುವ ಯಾವುದೋ ಹೊಸ ಕಂಪನಿಯ ಪಂಖದಂತೆ ಕೇಳುತ್ತದೆ. ಭಾಷೆಯನ್ನು ಪ್ರೀತಿಸುವವರು ‘ಲವರ್ ಆಫ್ ಕನ್ನಡ’, ಬೀದಿಗಿಳಿಯುವವರು ‘ಕನ್ನಡ ಆಕ್ಟಿವಿಸ್ಟ್’, ಜೀವಮಾನವಿಡೀ ಅದರ ಪರ ನಿಂತ ಹಿರಿಯರು ‘ಚಾಂಪಿಯನ್ ಆಫ್ ಕನ್ನಡ’. ಕೊನೆಯದನ್ನು ಸನ್ಮಾನ ಪತ್ರಕ್ಕೆ ಮೀಸಲಿಡಿ, ಎಲ್ಲರಿಗೂ ಹಂಚಬೇಡಿ.

ರಾಜ್‌ಕುಮಾರ್ ಅಭಿಮಾನಿಗಳನ್ನು ‘ಅಭಿಮಾನಿ ದೇವರುಗಳು’ ಎಂದು ಕರೆಯುತ್ತಿದ್ದರಲ್ಲ, ಅದನ್ನು ಇಂಗ್ಲಿಷಿಗೆ ತರುವುದು ಪರೀಕ್ಷೆಯೇ. ‘ಫ್ಯಾನ್’ ಎಂಬುದು ‘ಫನಾಟಿಕ್’ ಪದದ ಮೊಟಕು ರೂಪ ಎಂಬುದು ಸಾಮಾನ್ಯ ಒಪ್ಪಿಗೆ. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ಬೇಸ್‌ಬಾಲ್ ಮೈದಾನಗಳಲ್ಲಿ ಅದು ಚಲಾವಣೆಗೆ ಬಂತು. ಆ ಫನಾಟಿಕ್‌ನ ಬೇರು ಲ್ಯಾಟಿನ್ನಿನ ‘ಫಾನುಂ’, ಅಂದರೆ ಗುಡಿ. ಗುಡಿಯಲ್ಲಿ ಮೈಮೇಲೆ ದೇವರು ಬಂದವನು ಫ್ಯಾನ್. ಅಣ್ಣಾವ್ರ ಲೆಕ್ಕದಲ್ಲಿ ಅಭಿಮಾನಿಯೇ ದೇವರು, ಗುಡಿಗೆ ಬಂದು ಕೈಮುಗಿಯುವವನು ನಟ. ‘ಫ್ಯಾನ್ ಗಾಡ್ಸ್’ ಎಂದು ಪದಕ್ಕೆ ಪದ ಇಟ್ಟರೆ ಇಂಗ್ಲಿಷ್ ಓದುಗ ಕಂಗಾಲಾಗುತ್ತಾನೆ. ‘ಮೈ ಫ್ಯಾನ್ಸ್, ಹೂ ಆರ್ ಗಾಡ್ಸ್ ಟು ಮಿ’ ಎಂದು ಬಿಡಿಸಿ ಬರೆಯಿರಿ.

ಮೂರನೇ ಹೆಜ್ಜೆ: ಅಡ್ಮೈರರ್ ಬಳಸುವ ಮುನ್ನ ಒಂದು ಕ್ಷಣ ನಿಲ್ಲಿ

ಒಬ್ಬ ಲೇಖಕಿಗೆ, ಮೇಡಂಗೆ, ವಿಜ್ಞಾನಿಗೆ ಗೌರವದಿಂದ ಬರೆಯುವಾಗ ‘ಫ್ಯಾನ್’ ಸಲುಗೆಯಾಯಿತು ಅನ್ನಿಸಿ ‘ಐ ಆ್ಯಮ್ ಯುವರ್ ಅಡ್ಮೈರರ್’ ಎಂದು ಬರೆಯುವವರಿದ್ದಾರೆ. ಉದ್ದೇಶ ಒಳ್ಳೆಯದು, ಫಲ ಬೇರೆ. ‘ಯುವರ್ ಅಡ್ಮೈರರ್’, ‘ಹರ್ ಅಡ್ಮೈರರ್ಸ್’ ಎಂದಾಗ ಇಂಗ್ಲಿಷಿನಲ್ಲಿ ಪ್ರಣಯದ ವಾಸನೆ ಬರುತ್ತದೆ. ‘ಸೀಕ್ರೆಟ್ ಅಡ್ಮೈರರ್’ ಎಂದರೆ ಹೆಸರಿಲ್ಲದೆ ಪ್ರೇಮಪತ್ರ ಕಳಿಸುವವನು. ಪರಿಹಾರ ಸುಲಭ: ವ್ಯಕ್ತಿಯನ್ನು ಬಿಟ್ಟು ಕೆಲಸವನ್ನು ಹಿಡಿಯಿರಿ. ‘ಐ ಆ್ಯಮ್ ಎ ಗ್ರೇಟ್ ಅಡ್ಮೈರರ್ ಆಫ್ ಯುವರ್ ವರ್ಕ್’ ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಇನ್ನೂ ಒಳ್ಳೆಯದು ನಾಮಪದವನ್ನೇ ಕೈಬಿಟ್ಟು ‘ಐ ಹ್ಯಾವ್ ಲಾಂಗ್ ಅಡ್ಮೈರ್ಡ್ ಯುವರ್ ವರ್ಕ್’ ಎನ್ನುವುದು. ಅದರ ಬೆನ್ನಿಗೇ ಯಾವ ಪುಸ್ತಕ, ಯಾವ ಪ್ರಬಂಧ, ಅದರಲ್ಲಿ ಏನು ಹಿಡಿಸಿತು ಎಂದು ಒಂದು ಸಾಲು ಇರಲಿ. ಪ್ರಾಧ್ಯಾಪಕರು ಉತ್ತರಿಸುವುದು ಆ ಸಾಲಿಗೆ.

‘ಐ ಆ್ಯಮ್ ಯುವರ್ ಫ್ಯಾನ್’ ಕೂಡ ‘ನಾನು ನಿಮ್ಮ ಫ್ಯಾನ್’ ಎಂಬುದರ ನೆರಳು. ಅಲ್ಲಿನವರು ಹೇಳುವುದು ‘ಐ ಆ್ಯಮ್ ಎ ಬಿಗ್ ಫ್ಯಾನ್ ಆಫ್ ಯುವರ್ಸ್’. ಇನ್ನೊಂದು, ‘ಹಿ ಹ್ಯಾಸ್ ಎ ಹ್ಯೂಜ್ ಫ್ಯಾನ್ ಫಾಲೋಯಿಂಗ್’. ಇದು ಭಾರತದ ಇಂಗ್ಲಿಷಿನಲ್ಲಿ ನೆಲೆನಿಂತಿದೆ, ಹೊರಗಿನವರಿಗೆ ಎರಡೆರಡು ಸಲ ಹೇಳಿದಂತೆ ಕೇಳುತ್ತದೆ. ‘ಹ್ಯೂಜ್ ಫಾಲೋಯಿಂಗ್’ ಸಾಕು, ಅಥವಾ ‘ಫ್ಯಾನ್ ಬೇಸ್’.

‘ಐ ಆ್ಯಮ್ ನಾಟ್ ಎ ಫ್ಯಾನ್ ಆಫ್’ ಎಂದು ಯಾರಾದರೂ ಹೇಳಿದರೆ ಅಭಿಮಾನಿಗಳ ಸಂಘದ ಮಾತಲ್ಲ ಅದು. ‘ನಂಗದು ಅಷ್ಟಕ್ಕಷ್ಟೇ’ ಎಂಬುದರ ಮೆತ್ತನೆಯ ರೂಪ. ಬದನೆಕಾಯಿಗೂ ಹೇಳಬಹುದು, ಹೊಸ ಬಾಸ್ ಹೊರಡಿಸಿದ ನಿಯಮಕ್ಕೂ ಹೇಳಬಹುದು. ಕಚೇರಿ ಸಭೆಯಲ್ಲಿ ಬ್ರಿಟಿಷ್ ಸಹೋದ್ಯೋಗಿ ನಿಮ್ಮ ಪ್ರಸ್ತಾವಕ್ಕೆ ಹೀಗೆಂದರೆ ಅದು ಬಿದ್ದುಹೋಯಿತೆಂದೇ ತಿಳಿಯಿರಿ.

ಹುಡುಗರ ಬಾಯಲ್ಲಿರುವ ‘ಸ್ಟ್ಯಾನ್’ ಬಗ್ಗೆ ಎರಡೇ ಮಾತು. ಅಮೆರಿಕದ ರ‍್ಯಾಪರ್ ಎಮಿನೆಮ್‌ನ 2000ದ ಹಾಡೊಂದರಲ್ಲಿ ಬರುವ ವಿಪರೀತ ಅಭಿಮಾನಿಯ ಹೆಸರದು. ಈಗ ಅದು ಕ್ರಿಯಾಪದವೂ ಆಗಿದೆ. ರೀಲ್ಸ್ ಕೆಳಗೆ ನಡೆಯುತ್ತದೆ, ಅರ್ಜಿಯಲ್ಲಿ ನಡೆಯುವುದಿಲ್ಲ.

ನಾಲ್ಕನೇ ಹೆಜ್ಜೆ: ‘ಪೋಷಕರು’ ಎಂದಿದ್ದರೆ ಯಾವ ಪೋಷಕರು?

ಆಮಂತ್ರಣ ಪತ್ರಿಕೆಗಳನ್ನು ಇಂಗ್ಲಿಷಿಗೆ ಮಾಡುವವರು ಎಡವುವ ಜಾಗ ಇದು. ಶಾಲೆಯ ಪೋಷಕರ ಸಭೆಯಲ್ಲಿ ಅವರು ‘ಪೇರೆಂಟ್ಸ್’. ಸಂಘದ ಮಹಾಪೋಷಕರು ‘ಪೇಟ್ರನ್’. ಸಿನಿಮಾದ ಪೋಷಕ ನಟ ‘ಸಪೋರ್ಟಿಂಗ್ ಆ್ಯಕ್ಟರ್’. ಯಂತ್ರಾನುವಾದಕ್ಕೆ ಹಾಕಿದರೆ ಸಂಘದ ಮಹಾಪೋಷಕರು ಗ್ರ್ಯಾಂಡ್ ಪೇರೆಂಟ್ ಆಗಿ ಬಂದರೂ ಆಶ್ಚರ್ಯವಿಲ್ಲ. ವಯಸ್ಸು ನೋಡಿದರೆ ಅದೂ ಹೊಂದುತ್ತದೆ ಅನ್ನಿ.

ಪೇಟ್ರನ್ ಎಂಬುದಕ್ಕೆ ನಮ್ಮ ಮುಂದಿರುವ ಮಾದರಿ ಮೈಸೂರು ಅರಮನೆ. ವೀಣೆ ಶೇಷಣ್ಣನವರಂಥ ಆಸ್ಥಾನ ವಿದ್ವಾಂಸರಿಗೆ ಆಶ್ರಯ ಕೊಟ್ಟ ನಾಲ್ವಡಿ ಕೃಷ್ಣರಾಜ ಒಡೆಯರು ಸಂಗೀತದ ಪೇಟ್ರನ್. ಒಂದು ಸಂಜೆಯ ಕಾರ್ಯಕ್ರಮಕ್ಕೆ ದುಡ್ಡು ಕೊಟ್ಟು ಬ್ಯಾನರಿನಲ್ಲಿ ಲೋಗೋ ಹಾಕಿಸಿಕೊಳ್ಳುವ ಜ್ಯುವೆಲರಿ ಅಂಗಡಿ ‘ಸ್ಪಾನ್ಸರ್’. ಹೆಸರು ಬಯಸದೆ ಶಾಲೆಗೆ ಕೊಠಡಿ ಕಟ್ಟಿಸಿಕೊಟ್ಟವರು ‘ಬೆನಿಫ್ಯಾಕ್ಟರ್’ ಅಥವಾ ಸರಳವಾಗಿ ‘ಡೋನರ್’. ಹೊಸ ಉದ್ಯಮಕ್ಕೋ ಅಭ್ಯರ್ಥಿಗೋ ಹಣ ಹಾಕಿ ಹಿಂದೆ ನಿಂತವರು ‘ಬ್ಯಾಕರ್’. ಹೋಟೆಲ್, ಗ್ರಂಥಾಲಯಗಳ ಗ್ರಾಹಕರನ್ನೂ ಪೇಟ್ರನ್ಸ್ ಎನ್ನುವುದುಂಟು.

ಇದರ ಕ್ರಿಯಾಪದ ‘ಪೇಟ್ರನೈಸ್’ ಮಾತ್ರ ಅಪಾಯಕಾರಿ. ಅಂಗಡಿಗೆ ಗಿರಾಕಿಯಾಗುವುದು ಎಂಬ ಹಳೆಯ ಅರ್ಥ ಇದ್ದರೂ, ಮನುಷ್ಯರಿಗೆ ಬಳಸಿದಾಗ ‘ನಿನಗೇನು ಗೊತ್ತು ಮಗು’ ಎಂಬ ಧಾಟಿಯಲ್ಲಿ ಕೀಳಾಗಿ ನಡೆಸಿಕೊಳ್ಳುವುದು ಎಂದೇ ಅರ್ಥ. ಯುವ ಕಲಾವಿದರನ್ನು ಅಧ್ಯಕ್ಷರು ಪೇಟ್ರನೈಸ್ ಮಾಡುತ್ತಾರೆ ಎಂದು ವರದಿಯಲ್ಲಿ ಬರೆದರೆ ಅಧ್ಯಕ್ಷರನ್ನು ಬೈದ ಹಾಗೆ. ‘ಸಪೋರ್ಟ್ಸ್’ ಎಂದು ಬರೆದು ಪಾರಾಗಿ.

‘ಹಿತೈಷಿ’ಗೆ ನಾವು ಬಳಸುವ ‘ವೆಲ್-ವಿಶರ್’ ನಮ್ಮ ಮದುವೆ ಪತ್ರಿಕೆಗಳ ಖಾಯಂ ಅತಿಥಿ. ಭಾರತದೊಳಗೆ ಅದಕ್ಕೆ ಅಡ್ಡಿಯಿಲ್ಲ. ಬ್ರಿಟನ್ನಿನ ಸುದ್ದಿಗಳಲ್ಲಿ ಆ ಪದ ಅರಮನೆಯ ಅಥವಾ ಆಸ್ಪತ್ರೆಯ ಮುಂದೆ ಹೂಗುಚ್ಛ ಹಿಡಿದು ಸೇರುವ ಜನರಿಗೆ ಬರುತ್ತದೆ. ನಿಮ್ಮ ಸಂಶೋಧನೆಗೆ ಬೆನ್ನಾಗಿ ನಿಂತ ಗುರುಗಳನ್ನು ವೆಲ್-ವಿಶರ್ ಎಂದರೆ ಹೊರಗಿನಿಂದ ಹರಸಿದವರು ಎಂದಷ್ಟೇ ಆಗುತ್ತದೆ, ಅವರು ಮಾಡಿದ್ದು ಅದಕ್ಕಿಂತ ಹೆಚ್ಚು. ‘ಮೆಂಟರ್’ ಎನ್ನಿ.

ಐದನೇ ಹೆಜ್ಜೆ: ಹಿಂದೆ ನಡೆಯುವವರಲ್ಲೂ ಮೇಲು-ಕೀಳು

ಧರ್ಮ, ದರ್ಶನದ ವಿಷಯದಲ್ಲಿ ‘ಫಾಲೋವರ್’ ಗೌರವದ ಪದ: ‘ಫಾಲೋವರ್ಸ್ ಆಫ್ ಬಸವಣ್ಣ’. ಗುರುವಿನ ಬಳಿಯಲ್ಲೇ ಇದ್ದು ಕಲಿತವರು ‘ಡಿಸೈಪಲ್’. ವಿವೇಕಾನಂದರು ರಾಮಕೃಷ್ಣ ಪರಮಹಂಸರ ಡಿಸೈಪಲ್, ಇಂದಿನ ಭಕ್ತರು ಫಾಲೋವರ್ಸ್ ಅಥವಾ ‘ಡೆವೋಟೀಸ್’. ಇನ್‌ಸ್ಟಾಗ್ರಾಮಿನ ಫಾಲೋವರ್‌ಗೆ ಈ ಭಾರವೇನೂ ಇಲ್ಲ. ಬಟನ್ ಒತ್ತಿದರೆ ಆಯಿತು, ಬೈಯಲಿಕ್ಕೆಂದೇ ಫಾಲೋ ಮಾಡುವವರೂ ಇದ್ದಾರೆ.

ರಾಜಕೀಯದಲ್ಲಿ ಮಾತ್ರ ಕೈ ಬಿಗಿಹಿಡಿದು ಬರೆಯಬೇಕು. ‘ಕಾರ್ಯಕರ್ತ’ರಿಗೆ ನಮ್ಮ ಪತ್ರಿಕೆಗಳ ‘ಪಾರ್ಟಿ ವರ್ಕರ್’ ಭಾರತದಲ್ಲಿ ಸರಿ, ಹೊರಗಿನ ಓದುಗರಿಗೆ ‘ಪಾರ್ಟಿ ಆಕ್ಟಿವಿಸ್ಟ್’ ಅಥವಾ ‘ವಾಲಂಟಿಯರ್’ ಬೇಗ ತಿಳಿಯುತ್ತದೆ. ‘ಹಿಂಬಾಲಕ’ ಎಂದು ಕಂಡ ಕೂಡಲೇ ‘ಹೆಂಚ್‌ಮನ್’ ಹಾಕಬೇಡಿ, ಅದು ಪುಂಡನ ಬಲಗೈ ಬಂಟನಿಗೆ ಹೇಳುವ ಮಾತು. ‘ಆಪ್ತ’ರಿಗೆ ‘ಏಡ್’ (aide) ಇದೆ. ‘ಲಾಯಲಿಸ್ಟ್’ ನಮ್ಮಲ್ಲಿ ಒಬ್ಬ ನಾಯಕರ ಬಣದವರಿಗೆ ನಡೆಯುತ್ತದೆ. ಆದರೆ ಉತ್ತರ ಐರ್ಲೆಂಡಿನಲ್ಲಿ ಲಾಯಲಿಸ್ಟ್ ಎಂದರೆ ಬ್ರಿಟನ್ನಿಗೆ ನಿಷ್ಠರಾದವರು, ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಥೆಯಲ್ಲಿ ಬ್ರಿಟಿಷ್ ರಾಜನ ಪಕ್ಷದವರು. ‘ಸಿಂಪಥೈಸರ್’ ಎಂಬುದನ್ನು ನಿಷೇಧಿತ ಸಂಘಟನೆಗಳ ಸುದ್ದಿಯಲ್ಲೇ ಹೆಚ್ಚು ಓದಿರುತ್ತೇವೆ. ಆದ್ದರಿಂದ ಸಾಧಾರಣ ಸಹಾನುಭೂತಿ ಉಳ್ಳವರಿಗೆ ಅದನ್ನು ಅಂಟಿಸಿದರೆ ಅನ್ಯಾಯ. ಯಾರನ್ನು ಏನೆನ್ನಲಿ ಎಂದು ಗೊತ್ತಾಗದಾಗ ‘ಸಪೋರ್ಟರ್’ ಎಂದರೆ ಯಾರ ತಕರಾರೂ ಇರುವುದಿಲ್ಲ.

ಆರನೇ ಹೆಜ್ಜೆ: ಜೊತೆಗೆ ಬರುವ ಪದಗಳು

ನಮ್ಮ ‘ಗೆ’ ವಿಭಕ್ತಿ ಇಲ್ಲಿ ಕೀಟಲೆ ಮಾಡುತ್ತದೆ. ‘ಅವರಿಗೆ ಸಪೋರ್ಟ್ ಮಾಡ್ತೀನಿ’ ಎಂದು ಯೋಚಿಸಿದವರು ‘ಐ ಸಪೋರ್ಟ್ ಟು ಹಿಮ್’ ಎಂದು ಬರೆಯುತ್ತಾರೆ. ಸಪೋರ್ಟ್, ಅಡ್ಮೈರ್, ಫಾಲೋ ಈ ಮೂರೂ ಕ್ರಿಯಾಪದಗಳಿಗೆ ನಡುವೆ ಏನೂ ಬೇಡ: ‘ಐ ಸಪೋರ್ಟ್ ಹಿಮ್’. ತಂಡದ ಬಗ್ಗೆ ಹೇಳುವಾಗ ‘ಐ ಆ್ಯಮ್ ಸಪೋರ್ಟಿಂಗ್ ಆರ್‌ಸಿಬಿ’ ಎಂದರೆ ಈ ಪಂದ್ಯದ ಮಟ್ಟಿಗೆ ಅಥವಾ ಸದ್ಯಕ್ಕೆ ಎಂಬ ಅರ್ಥ ಹೊಮ್ಮುತ್ತದೆ. ಯಾವತ್ತೂ ಅವರ ಪರವೇ ಆಗಿದ್ದರೆ ‘ಐ ಸಪೋರ್ಟ್ ಆರ್‌ಸಿಬಿ’. ನಾಮಪದವಾದಾಗ ‘ಸಪೋರ್ಟ್ ಫಾರ್’. ಫ್ಯಾನ್, ಅಡ್ಮೈರರ್, ಸಪೋರ್ಟರ್, ಫಾಲೋವರ್, ಪೇಟ್ರನ್ ಎಲ್ಲಕ್ಕೂ ‘ಆಫ್’. ‘ಬಿಲೀವರ್’ಗೆ ಮಾತ್ರ ‘ಇನ್’. ಮನೆಯವರು ಬೆನ್ನಿಗಿದ್ದರು ಎನ್ನಲು ‘ಮೈ ಫ್ಯಾಮಿಲಿ ವಾಸ್ ವೆರಿ ಸಪೋರ್ಟಿವ್’. ಅಲ್ಲಿ ‘ಸಪೋರ್ಟಿಂಗ್’ ಎಂದರೆ ತಪ್ಪು.

ವಿಶೇಷಣಗಳಿಗೂ ತಮ್ಮ ತಮ್ಮ ಜೋಡಿಗಳಿವೆ. ‘ಸ್ಟಾಂಚ್’ (ಅಚಲ) ಸಪೋರ್ಟರ್ ಜೊತೆ ಹೋಗುತ್ತದೆ, ಫ್ಯಾನ್ ಜೊತೆ ಒಗ್ಗುವುದಿಲ್ಲ. ‘ಆರ್ಡೆಂಟ್’ (ಉತ್ಕಟ) ಅಡ್ಮೈರರ್‌ಗೆ, ‘ಅವಿಡ್’ (ತೀರದ ಹಸಿವಿನ) ರೀಡರ್‌ಗೆ, ‘ಬಿಗ್’ ಫ್ಯಾನ್‌ಗೆ. ‘ಡೈ-ಹಾರ್ಡ್’ ಫ್ಯಾನ್‌ಗಳು ನಮ್ಮ ಪೋಸ್ಟರುಗಳಲ್ಲಿ ತುಂಬಿದ್ದಾರೆ. 1811ರಲ್ಲಿ ಸ್ಪೇನಿನ ಅಲ್ಬುವೆರಾ ಕಾಳಗದಲ್ಲಿ ಗಾಯಗೊಂಡು ಬಿದ್ದಿದ್ದ ಕರ್ನಲ್ ಇಂಗ್ಲಿಸ್ ತನ್ನ 57ನೇ ರೆಜಿಮೆಂಟಿನ ಸೈನಿಕರಿಗೆ ‘ಡೈ ಹಾರ್ಡ್’ ಎಂದು ಕೂಗಿದನೆಂದೂ, ಆ ರೆಜಿಮೆಂಟಿಗೆ ಅದೇ ಹೆಸರು ನಿಂತಿತೆಂದೂ ಇತಿಹಾಸ. ಗಂಭೀರ ಬರಹದಲ್ಲಿ ಅದರ ಬದಲು ‘ಡಿವೋಟೆಡ್’ ಬಳಸಿ.

ಕೊನೆಗೆ: ಯಾವ ದೇಶದಲ್ಲಿ ಮಾತಾಡುತ್ತಿದ್ದೀರಿ?

ಅಮೆರಿಕದ ಕನ್ನಡಿಗರು ಮಕ್ಕಳಿಂದ ಕಲಿತ, ಒಂದು ತಂಡದ ಪರ ಇರುವುದು ಎಂಬ ಅರ್ಥದ ‘ರೂಟಿಂಗ್ ಫಾರ್’ ಎಂಬ ಮಾತನ್ನು ಆಸ್ಟ್ರೇಲಿಯಾಕ್ಕೆ ಒಯ್ಯಬಾರದು. ಅಲ್ಲಿ ‘ರೂಟ್’ ಎಂಬುದಕ್ಕೆ ಅಶ್ಲೀಲ ಅರ್ಥವಿದೆ. ಮೆಲ್ಬರ್ನಿನ ಮೈದಾನದಲ್ಲಿ ನೀವು ಯಾವ ತಂಡದ ಪರ ಎಂದು ಕೇಳಬೇಕಾದರೆ ‘ಹೂ ಡು ಯು ಬ್ಯಾರಕ್ ಫಾರ್?’ ಎನ್ನಬೇಕು. ಅದೇ ‘ಬ್ಯಾರಕ್’ ಬ್ರಿಟನ್ನಿಗೆ ಹೋದರೆ ಅರ್ಥ ತಲೆಕೆಳಗು, ಅಲ್ಲಿ ಅದು ಆಟಗಾರರನ್ನೋ ಭಾಷಣಕಾರರನ್ನೋ ಕೂಗಿ ಗೇಲಿ ಮಾಡುವುದು. 1994-95ರ ಆ್ಯಶಸ್ ಪ್ರವಾಸದಲ್ಲಿ ಇಂಗ್ಲೆಂಡ್ ತಂಡದ ಹಿಂದೆ ಆಸ್ಟ್ರೇಲಿಯಾ ಸುತ್ತಿದ ಪ್ರೇಕ್ಷಕರಿಗೆ ಅಲ್ಲಿನ ಮಾಧ್ಯಮಗಳು ಇಟ್ಟ ಹೆಸರು ‘ಬಾರ್ಮಿ ಆರ್ಮಿ’, ಹುಚ್ಚರ ಸೈನ್ಯ. ಅವರಿಗೆ ಆ ಬೈಗುಳ ಎಷ್ಟು ಹಿಡಿಸಿತೆಂದರೆ ಈಗಲೂ ಅದೇ ಹೆಸರಿನಲ್ಲಿ ಟಿಕೆಟ್, ಪ್ರವಾಸ, ಟೀಶರ್ಟ್ ಮಾರುತ್ತಾರೆ. ಎರಡೂ ದೇಶಗಳಲ್ಲಿ, ನಮ್ಮಲ್ಲೂ, ಅನುಮಾನಕ್ಕೆ ಎಡೆಯಿಲ್ಲದ ಪ್ರಶ್ನೆ ಒಂದಿದೆ: ‘ಹೂ ಡು ಯು ಸಪೋರ್ಟ್?’